ಮೂರನೆಯ ಕುರ್ಚಿ: ಬರಿಗಂಟಲಿನ ಮಂಗಳ

ವಿಘ್ನಗಳನ್ನು ನೀಗುವ ಗಜಮುಖನಿಗೆ ಮೊದಲ ವಂದನೆ. ಸೀತೆಯ ಸುಳಿವು ಸಿಗದೆ ಕಡಲ ದಡದಲ್ಲಿ ಕೈಚೆಲ್ಲಿ ಕುಳಿತಿದ್ದ ಕಪಿಗಳ ನಡುವೆ, ರೆಕ್ಕೆ ಸುಟ್ಟ ಒಂಟಿ ಹಕ್ಕಿಯ ಮಾತನ್ನು ನಂಬಿ ಎದ್ದು ನಿಂತ ಅಂಜನೆಯ ಮಗನಿಗೆ ಎರಡನೆಯ ವಂದನೆ. ಕಾಣೆಯಾದವರನ್ನು ಅರಸುವ ಕಥೆಗಳಿಗೆಲ್ಲ ಆತನೇ ಮೂಲಗುರು. ತುಂಗೆಯ ದಡದ ಕೋಟೆಯಲ್ಲಿ ನೆಲೆನಿಂತ ಆ ಸ್ವಾಮಿಯು ಈ ಕಥೆಯನ್ನು ಕೈಹಿಡಿದು ನಡೆಸಲಿ. ಇದರೊಳಗೆ ಸುಳ್ಳು ಹೇಳುವವರ ಮೇಲೂ ಆತನ ಕರುಣೆಯಿರಲಿ.

*

"ಕಲಶಕ್ಕೆ ಕೈ ಹಾಕ್ಬೇಡಿ, ರವಿಯಣ್ಣ!"

ನಾಟಕದ ಬಳಗವನ್ನು ನಡೆಸುವ ಧನಲಕ್ಷ್ಮಿಯ ದನಿ ಕಾಗದನಗರದ ಸಭಾಭವನದ ತಗಡಿನ ಮಾಡಿಗೆ ತಾಗಿ ಮರಳಿ ಬಂದಿತು. ಆ ದನಿಯನ್ನು ಹೀರಿಕೊಳ್ಳಲು ಅಲ್ಲಿ ಜನರಿರಲಿಲ್ಲ. ಒಂದು ಕಾಲಕ್ಕೆ, ಈಗ ಮುಚ್ಚಿರುವ ಕಾಗದದ ಕಾರ್ಖಾನೆಯ ಸಂಸಾರಗಳೆಲ್ಲ ಬಂದು ತುಂಬುತ್ತಿದ್ದ ಆ ಭವನದಲ್ಲಿ, ಅಂದಿನ ಅಪರಾಹ್ನ ಇದ್ದವರು ನಾಲ್ವರೇ.

ರವಿಶಂಕರ ಅವರು ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡರು. ಹವ್ಯಾಸಿ ತಂಡಗಳ ನಾಟಕಗಳಿಗೂ ಸಂಗೀತ ನಾಟಕಗಳಿಗೂ ವರ್ಷಕ್ಕೊಮ್ಮೆ ಕೊಡಮಾಡುವ 'ರಂಗಕಲಶ' ಪುರಸ್ಕಾರಕ್ಕೆ ಅವರೇ ಕಾರ್ಯದರ್ಶಿ. ಈ ವರ್ಷದ ಸಂಗೀತ ನಾಟಕದ ಕಲಶ ಸಂದದ್ದು ಕಾಗದನಗರದ ಹವ್ಯಾಸಿ ಬಳಗದ 'ಸಂಪಾತಿ'ಗೆ. ಕೊಟ್ಟ ವಾರದೊಳಗೇ ಅದನ್ನು ಹಿಂದಕ್ಕೊಯ್ಯಲು ಅವರು ಶಿವಮೊಗ್ಗದಿಂದ ಬಂದಿದ್ದರು.

"ಮಾರಾಯ್ತಿ, ನಾನೇನು ಇದನ್ನ ಮನೆಗೆ ಒಯ್ದು ಪಾಯಸ ಬಡಿಸ್ತೀನಾ? ಸಮಿತಿ ತೀರ್ಮಾನ ಇದು. ಕಾಣೆಯಾಗಿರೋ ತೀರ್ಪುಗಾರರು, ವೆಂಕಟಾಚಲ ಅವರು ಸಿಗೋವರೆಗೂ ನಮ್ಮ ಹತ್ರ ಇರ್ಬೇಕು ಅಂತ."

"ಕೊಡೋವಾಗ ಹಾರ ಹಾಕಿ ಕೊಟ್ರಿ. ಕಿತ್ಕೊಳ್ಳೋವಾಗ ಬಟ್ಟೆ ಚೀಲ ಹಿಡ್ಕೊಂಡು ಬಂದಿದ್ದೀರ."

ರವಿಶಂಕರ ತಮ್ಮ ಕೈಯಲ್ಲಿದ್ದ ಚೀಲವನ್ನು ನೋಡಿಕೊಂಡು, ಅದನ್ನು ಮೆಲ್ಲನೆ ಬೆನ್ನ ಹಿಂದಕ್ಕೆ ಸರಿಸಿದರು.

ಗೋಡೆಯ ಬದಿಯ ಬೆಂಚಿನ ಮೇಲೆ ಕುಳಿತಿದ್ದ ಬಸವರಾಜೇಶ್ವರಿಯವರು ಈ ಸಂವಾದವನ್ನು ಮೌನವಾಗಿ ಆಲಿಸುತ್ತಿದ್ದರು. ಪೊಲೀಸ್ ಇಲಾಖೆಯಿಂದ ನಿವೃತ್ತರಾಗಿ ಶಿವಮೊಗ್ಗದಲ್ಲಿ ಒಬ್ಬರೇ ವಾಸವಾಗಿದ್ದ ಈ ಹಿರಿಯ ಮಹಿಳೆಯನ್ನು ಈ ಶೋಧಕ್ಕೆ ಯಾರೂ ನೇಮಿಸಿರಲಿಲ್ಲ. ನೇಮಿಸಲು ವೆಂಕಟಾಚಲ ಅವರಿಗೆ ಯಾರೂ ಇರಲಿಲ್ಲ ಎಂಬುದೇ ಅವರನ್ನು ಇಲ್ಲಿಗೆ ಎಳೆತಂದಿತ್ತು. ಕಳೆದ ಭಾನುವಾರ ಪುರಸ್ಕಾರ ಸಮಾರಂಭದಲ್ಲಿ, ಮೂವರು ತೀರ್ಪುಗಾರರ ಹೆಸರನ್ನು ಕೂಗಿ ಕರೆದಾಗ ಇಬ್ಬರು ಮಾತ್ರ ವೇದಿಕೆ ಹತ್ತಿದ್ದರು. ವೆಂಕಟಾಚಲ ಅವರ ಮೂರನೆಯ ಕುರ್ಚಿ ಖಾಲಿಯೇ ಉಳಿಯಿತು. ಒಬ್ಬ ಮನುಷ್ಯ ವಾರಗಳಿಂದ ಕಾಣೆಯಾಗಿದ್ದಾನೆಂದು ಊರಿಗೆ ಹೇಳಿದ್ದು ಆ ಕುರ್ಚಿಯೇ.

ರಂಗಕಲಶದ ಕಟ್ಟಳೆ ಕಠಿಣವಾದುದು. ತೀರ್ಪುಗಾರರು ಯಾರೆಂಬುದು ಸಮಾರಂಭದ ದಿನದವರೆಗೆ ಗುಟ್ಟು. ಅವರು ಸಾಮಾನ್ಯರಂತೆ ಬಸ್ಸಿನಲ್ಲಿ ಬಂದು, ಟಿಕೆಟು ಕೊಂಡು, ಕೊನೆಯ ಸಾಲಿನಲ್ಲಿ ಕುಳಿತು ನಾಟಕ ನೋಡಬೇಕು. ನಾಟಕದ ವಿಚಾರವಾಗಿ ಯಾರೊಡನೆಯೂ ಒಂದು ಮಾತಾಡಕೂಡದು. ತೀರ್ಪನ್ನು ತಮ್ಮ ದನಿಯಲ್ಲಿಯೇ ಮುದ್ರಿಸಿ ಕಾರ್ಯದರ್ಶಿಗೆ ಕಳುಹಿಸಬೇಕು. ನಡುವೆ ಕಾರ್ಯದರ್ಶಿಯನ್ನೂ ಭೇಟಿಯಾಗಬಾರದು. ಕಾರ್ಯದರ್ಶಿಗೋ, ಸ್ಪರ್ಧೆಯ ನಾಟಕಗಳನ್ನು ನೋಡುವ ಅಧಿಕಾರವೇ ಇಲ್ಲ.

ವೆಂಕಟಾಚಲ ಅವರು ಈ ಮೌನವ್ರತವನ್ನು ಬಹುಕಾಲ ಪಾಲಿಸಿದವರು. ರವೀಂದ್ರನಗರದಲ್ಲಿ ಅವರ ಪಕ್ಕದ ಮನೆಯ ವೇದಾ, ಬಸವರಾಜೇಶ್ವರಿಯವರಿಗೆ ಹೇಳಿದ್ದಿಷ್ಟೇ: "ಅವರು ಇದ್ದಾಗ್ಲೂ ಇಲ್ಲದ ಹಾಗೇ ಇದ್ರು ಮೇಡಂ. ನಾಟಕ ನೋಡ್ಕೊಂಡು ಬಂದ ಮಾರನೇ ದಿನ ಮಾತ್ರ ತುಳಸಿ ಗಿಡಕ್ಕೆ ನೀರು ಹಾಕ್ತಾ ಏನೋ ಹೇಳ್ತಿದ್ರು. ಮಂತ್ರ ಅಂದ್ಕೊಂಡಿದ್ದೆ. ಒಂದಿನ ಕಿವಿಗೊಟ್ಟು ಕೇಳಿದ್ರೆ, 'ಎರಡನೇ ಅಂಕ ಸ್ವಲ್ಪ ಎಳೀತು ತಾಯಿ' ಅಂತಿದ್ರು."

ಆ ಮಾತು ಕೇಳಿದಂದಿನಿಂದ ಬಸವರಾಜೇಶ್ವರಿಯವರಿಗೆ ಸರಿಯಾಗಿ ನಿದ್ದೆ ಹತ್ತಿರಲಿಲ್ಲ. ತಾವೂ ಇತ್ತೀಚೆಗೆ ಒಲೆಯೊಡನೆ ಮಾತಾಡಲು ತೊಡಗಿರುವುದು ಅವರಿಗೆ ನೆನಪಾಗಿತ್ತು.

ಕೈಚೀಲದಲ್ಲಿದ್ದ ಫೋನು ಮೊಳಗಿತು. ಕರೆ ಮಾಡಿದವನು ಠಾಣೆಯ ಸಬ್ ಇನ್ಸ್‌ಪೆಕ್ಟರ್ ಯೋಗರಾಜ್. ಹಿಂದೊಮ್ಮೆ ಅವರ ಕೈಕೆಳಗೆ ಕೆಲಸ ಕಲಿತವನು.

"ಮೇಡಂ, ಬೇಜಾರು ಮಾಡ್ಕೋಬೇಡಿ. ನಾಳೆ ಬೆಳಿಗ್ಗೆವರೆಗೂ ಕಾಯ್ತೀನಿ. ಆಮೇಲೆ ಆ ಚಂದ್ರಹಾಸನ್ನ ಕರ್ಕೊಂಡು ಹೋಗ್ಲೇಬೇಕು. ಮುದುಕರನ್ನ ಕೊನೇಲಿ ನೋಡಿದ್ದು ಅವನೇ. ಬಾಯಿ ಬಿಡ್ತಿಲ್ಲ."

"ಸರಿಯಪ್ಪ," ಎಂದರು ಅವರು. ಫೋನನ್ನು ಚೀಲಕ್ಕೆ ಹಾಕಿ, ರಂಗದ ಮೆಟ್ಟಿಲಿನತ್ತ ದೃಷ್ಟಿ ಹೊರಳಿಸಿದರು.

ಆ ಮೆಟ್ಟಿಲ ಮೇಲೆ ಚಂದ್ರಹಾಸ ಕುಳಿತಿದ್ದ. ಧನಲಕ್ಷ್ಮಿಯ ತಮ್ಮ, ಹಗಲು ಗ್ಯಾರೇಜಿನಲ್ಲಿ ದುಡಿದು, ಸಂಜೆ ಬಳಗಕ್ಕೆ ಹಾರ್ಮೋನಿಯಂ ನುಡಿಸುವವನು. 'ಸಂಪಾತಿ'ಯ ಪ್ರದರ್ಶನ ಮುಗಿದ ಸಂಜೆ, ಜನ್ನಾಪುರದ ಬಸ್ ನಿಲ್ದಾಣದಲ್ಲಿ ಒಂಟಿಯಾಗಿ ಕುಳಿತಿದ್ದ ವೃದ್ಧರೊಬ್ಬರನ್ನು ಅವನು ತನ್ನ ಬೈಕಿನಲ್ಲಿ ಕೂರಿಸಿಕೊಂಡು ಹೋದದ್ದನ್ನು ಬೀಡಾ ಅಂಗಡಿಯವನು ನೋಡಿದ್ದ. ಆ ವೃದ್ಧರು ವೆಂಕಟಾಚಲ. ಅಲ್ಲಿಂದ ಮುಂದಿನದನ್ನು ಚಂದ್ರಹಾಸ ಯಾರಿಗೂ ಹೇಳಿರಲಿಲ್ಲ. ಪೊಲೀಸರಿಗೂ ಇಲ್ಲ, ಬಸವರಾಜೇಶ್ವರಿಯವರಿಗೂ ಇಲ್ಲ.

ರಾಮಾಯಣವನ್ನು ಬಲ್ಲವರಿಗೆ ಸಂಪಾತಿ ಯಾರೆಂದು ಹೇಳಬೇಕಾಗಿಲ್ಲ. ತಮ್ಮ ಜಟಾಯುವನ್ನು ಸೂರ್ಯನ ಬೇಗೆಯಿಂದ ಕಾಯಲು ಹೋಗಿ ತನ್ನ ರೆಕ್ಕೆಗಳನ್ನೇ ಸುಟ್ಟುಕೊಂಡು, ಬೆಟ್ಟದ ಮೇಲೆ ಒಂಟಿಯಾಗಿ ಮುದಿಯಾದ ಹಕ್ಕಿ ಅವನು. ಹಾರಲಾರ, ಆದರೆ ಲಂಕೆಯವರೆಗೂ ನೋಡಬಲ್ಲ. ಆ ಪಾತ್ರವನ್ನು ಕೊನೆಯ ಸಾಲಿನಿಂದ ನೋಡಿದ ಒಂಟಿ ಮನುಷ್ಯನಿಗೆ ಏನಾಯಿತು? ಬಸವರಾಜೇಶ್ವರಿಯವರನ್ನು ಕಾಡುತ್ತಿದ್ದ ಪ್ರಶ್ನೆ ಇದೊಂದೇ.

"ರವಿಶಂಕರ ಅವರೇ," ಎಂದರು, "ಕಲಶ ಆಮೇಲೆ. ಆ ತೀರ್ಪನ್ನ ಇನ್ನೊಂದ್ಸಲ ಕೇಳಿಸ್ತೀರಾ?"

"ನಿಮಗೆ ಆಗ್ಲೇ ಕೇಳಿಸಿದ್ನಲ್ಲ ಮೇಡಂ."

"ನನಗೆ ಕೇಳಿಸಿದ್ದೀರಿ. ಇವರಿಬ್ಬರಿಗೂ ಕೇಳಿಸಿಲ್ಲ."

ರವಿಶಂಕರ ಫೋನನ್ನು ಹೊರತೆಗೆದರು. ವೆಂಕಟಾಚಲ ಅವರ ಸ್ವರ ಆ ಖಾಲಿ ಭವನದೊಳಗೆ ಮೂಡಿತು. ಸ್ವಲ್ಪ ನಡುಗುವ, ಆದರೂ ಪಾಠ ಹೇಳಿ ಪಳಗಿದ ಸ್ವರ.

"'ಸಂಪಾತಿ'. ಕಾಗದನಗರದ ಹವ್ಯಾಸಿ ಬಳಗ. ಈ ವರ್ಷ ನಾನು ಕಂಡ ಸಂಗೀತ ನಾಟಕಗಳಲ್ಲಿ ಇದಕ್ಕೆ ಸಮನಾದುದು ಇನ್ನೊಂದಿಲ್ಲ. ಕಲಶ ಇವರಿಗೇ ಸಲ್ಲಬೇಕು. ಇದು ನನ್ನ ತೀರ್ಪು."

ಮಾತಿನ ಹಿಂದೆ, ದೂರದಲ್ಲೆಲ್ಲೋ ಎಂಬಂತೆ, ಹಾರ್ಮೋನಿಯಂ ನುಡಿಯುತ್ತಿತ್ತು.

ಧನಲಕ್ಷ್ಮಿ ಥಟ್ಟನೆ ತಲೆಯೆತ್ತಿದಳು. "ಇದು ನಾವು ನಾಟಕದ ಕೊನೇಲಿ ಹಾಡೋ ಮಂಗಳ!"

"ಅದೇ ನಾನೂ ಹೇಳ್ತಿರೋದು," ಎಂದರು ರವಿಶಂಕರ. "ಪ್ರದರ್ಶನದ ಸಂಜೆ, ನೀವು ಮಂಗಳ ಹಾಡ್ತಿರೋವಾಗ್ಲೇ ಕೊನೇ ಸಾಲಲ್ಲಿ ಕೂತು ತೀರ್ಪು ಹೇಳಿದ್ದಾರೆ. ಅಂದ್ರೆ ನಾಟಕ ಮುಗಿಯೋವರೆಗೂ ಇಲ್ಲೇ ಇದ್ರು. ಆಮೇಲೆ ಇವನ ಬೈಕ್ ಹತ್ತಿದ್ರು. ಆಮೇಲೆ ಇಲ್ಲ. ನಾನು ಯಾರ ಮೇಲೂ ತಪ್ಪು ಹೊರಿಸ್ತಿಲ್ಲ. ಆದ್ರೆ ಸಮಿತಿಗೆ ಉತ್ತರ ಕೊಡ್ಬೇಕಾದವನು ನಾನು."

ಚಂದ್ರಹಾಸನ ಮುಖ ಇನ್ನಷ್ಟು ಕೆಳಗೆ ಬಾಗಿತು.

"ತಾಲೀಮಿನಲ್ಲಿ ಮುದ್ರಿಸಿರಬಹುದಲ್ಲ?" ಎಂದು ಬಸವರಾಜೇಶ್ವರಿಯವರು, ಏನೋ ಹೇಳಹೊರಟ ಧನಲಕ್ಷ್ಮಿಯನ್ನು ತಡೆದು ಕೇಳಿದರು.

"ಸಾಧ್ಯವೇ ಇಲ್ಲ ಮೇಡಂ. ನಮ್ಮ ಬಳಗದಲ್ಲಿ ತಾಲೀಮಿನಲ್ಲಿ ಮಂಗಳ ಹಾಡಲ್ಲ, ನುಡಿಸೋದೂ ಇಲ್ಲ. ಅಪ್ಪನ ಕಾಲದಿಂದ್ಲೂ ಹಾಗೇ. ಮಂಗಳ ನೋಡೋಕೆ ಬಂದೋರ ಪಾಲು. ಖಾಲಿ ಕುರ್ಚಿಗಳ ಮುಂದೆ ಹಾಡಿಬಿಟ್ರೆ ನಾಟಕ ಹುಟ್ಟೋಕೆ ಮುಂಚೆನೇ ಮುಗಿದ ಹಾಗೆ ಅಂತಿದ್ರು. ಹೊಸಬರು ಕೂಡ ಅದನ್ನ ಹಿರಿಯರ ಪಕ್ಕ ನಿಂತು, ಪ್ರದರ್ಶನದ ದಿನವೇ ಕಲೀಬೇಕು."

"ಕಾರ್ಯದರ್ಶಿಗಳಿಗೂ ಈ ಕಟ್ಟಳೆ ಗೊತ್ತಿರಬೇಕು."

"ರವಿಯಣ್ಣಂಗೆ ಗೊತ್ತಿಲ್ದೆ ಇರುತ್ತಾ? ನಮ್ಮ ಸಾಲಿನ ಕ್ವಾರ್ಟರ್ಸಲ್ಲೇ ಬೆಳೆದೋರು. ಚಂದ್ರುಗಿಂತ ಮುಂಚೆ ಬಳಗಕ್ಕೆ ಹಾರ್ಮೋನಿಯಂ ನುಡಿಸ್ತಿದ್ದೋರು ಅವರೇ. ಕಾರ್ಖಾನೆ ಸೈರನ್ ನಿಂತ ವರ್ಷ ಶಿವಮೊಗ್ಗಕ್ಕೆ ಹೋದ್ರು."

"ಎಷ್ಟೋ ಜನ ಹೋದ್ರು," ಎಂದರು ರವಿಶಂಕರ, ಕಿಟಕಿಯ ಕಡೆ ನೋಡುತ್ತ.

ಕಿಟಕಿಯಾಚೆ ಕ್ವಾರ್ಟರ್ಸಿನ ಸಾಲುಗಳು ಕಾಣುತ್ತಿದ್ದವು. ಹೆಚ್ಚಿನ ಬಾಗಿಲುಗಳಿಗೆ ಬೀಗ. ಕಾಂಪೌಂಡುಗಳಲ್ಲಿ ಯಾರೋ ನೆಟ್ಟು ಹೋದ ಸೀಬೆ ಗಿಡಗಳು ಬೆಳೆದು, ಕೀಳುವವರಿಲ್ಲದೆ ಹಣ್ಣು ಉದುರಿಸುತ್ತಿದ್ದವು.

ಬಸವರಾಜೇಶ್ವರಿಯವರು ಬೆಂಚಿನಿಂದೆದ್ದು ರಂಗವನ್ನೇರಿದರು. ಮೂಲೆಯಲ್ಲಿ ಹಳೆಯ ಪರದೆಯೊಂದರಿಂದ ಮುಚ್ಚಿಟ್ಟ ಹಾರ್ಮೋನಿಯಂ ಇತ್ತು.

"ಬಳಗವೆಲ್ಲ ಸೇರಿ ಹಾಡೋ ಮಂಗಳ ಅಂತೀರಿ. ಇದರಲ್ಲಿ ಒಂದು ಕಂಠವೂ ಕೇಳ್ತಿಲ್ಲವಲ್ಲ, ರವಿಶಂಕರ ಅವರೇ?"

"ಕೊನೇ ಸಾಲು ಮೇಡಂ. ಮೈಕ್ ಹಾರ್ಮೋನಿಯಂ ಹತ್ರ ಇತ್ತೇನೋ. ಅದೊಂದೇ ಎತ್ತಿ ಕೇಳಿದೆ."

"ಅದು ಇದೇ ಹಾರ್ಮೋನಿಯಂ ಅಂತ ಖಚಿತವಾ?"

ರವಿಶಂಕರ ಅವರ ಮುಖದಲ್ಲಿ ಕ್ಷಣಮಾತ್ರ ಹಳೆಯ ಅಭಿಮಾನವೊಂದು ಬೆಳಗಿತು. "ಈ ಬಳಗದ ಮಂಗಳ ಬೇರೆ ಯಾವ ಪೆಟ್ಟಿಗೇಲಿ ನುಡಿಯುತ್ತೆ ಮೇಡಂ? ಆ ಸಂಜೆ ನುಡಿದಿದ್ದು ಇದೇ."

"ಹಾಗಾದ್ರೆ ಒಮ್ಮೆ ನುಡಿಸಿ ತೋರಿಸಿ. ಎರಡನ್ನೂ ಹೋಲಿಸಿ ನೋಡೋಣ."

"ನಾನು ಬಿಟ್ಟು ಎಷ್ಟೋ ಕಾಲ ಆಯ್ತು."

"ಮಂಗಳ ಬೇಡ, ಬರೀ ಸರಿಗಮ ಸಾಕು."

ಅವರು ಹಿಂಜರಿಯುತ್ತಲೇ ಮೆಟ್ಟಿಲು ಹತ್ತಿ ಬಂದು, ನೆಲದ ಮೇಲೆ ಪದ್ಮಾಸನ ಹಾಕಿ ಕುಳಿತರು. ಪರದೆಯನ್ನು ಸರಿಸಿದರು. ಬಲಗೈಯ ಬೆರಳುಗಳು ತಾವಾಗಿಯೇ ಸ್ವರದ ಮನೆಗಳನ್ನು ಹುಡುಕಿಕೊಂಡವು. ಎಡಗೈ ತಿದಿಯನ್ನು ಒತ್ತಿತು.

ನಾದ ಹುಟ್ಟಲಿಲ್ಲ. ದಣಿದ ಮುದುಕನೊಬ್ಬ ಉಸಿರುಬಿಟ್ಟಂತೆ ಗಾಳಿ ಮಾತ್ರ ಹೊರಬಂದಿತು.

ಮತ್ತೊಮ್ಮೆ ಒತ್ತಿದರು. ಮತ್ತೆ ಅದೇ ನಿಟ್ಟುಸಿರು. ತಿದಿಯ ಮಡಿಕೆ ಉದ್ದಕ್ಕೂ ಸೀಳಿಹೋಗಿತ್ತು.

"ಯಾವಾಗ ಹರಿದದ್ದು, ಚಂದ್ರಹಾಸ?" ಬಸವರಾಜೇಶ್ವರಿಯವರು ಹಿಂದಿರುಗಿ ನೋಡದೆಯೇ ಕೇಳಿದರು.

ಅವನ ಬದಲು ಉತ್ತರಿಸಿದವಳು ಅಕ್ಕ. "ಆ ಸಂಜೆಯೇ ಮೇಡಂ. ಸಂಪಾತಿ ಸೀತೆ ಇರೋ ಜಾಗ ಹೇಳ್ತಾನಲ್ಲ, ಆ ಹಾಡಿನ ನಡುವೆ. ಪರ್ ಅಂತ ಹರೀತು. ಮುಂದಿಂದೆಲ್ಲ ಹಾರ್ಮೋನಿಯಂ ಇಲ್ದೇನೇ ಮಾಡಿದ್ವಿ. ಮಂಗಳ ಬರಿಗಂಟಲಲ್ಲೇ ಹಾಡಿದ್ವಿ. ಜನ ಎದ್ದು ನಿಂತು ಜೊತೆಗೆ ಹಾಡಿದ್ರು. ಅವತ್ತು ಅಲ್ಲಿ ಕೊನೇವರೆಗೂ ಇದ್ದೋರಿಗೆಲ್ಲ ಗೊತ್ತು."

"ಕೊನೇವರೆಗೂ ಇದ್ದವರಿಗೆ ಗೊತ್ತು," ಎಂದು ಬಸವರಾಜೇಶ್ವರಿಯವರು ಮೆಲ್ಲನೆ ಹೇಳಿದರು. "ತಾಲೀಮಿನಲ್ಲಿ ಈ ಮಂಗಳ ನುಡಿಯೋದಿಲ್ಲ. ಪ್ರದರ್ಶನದ ಸಂಜೆ ಹಾರ್ಮೋನಿಯಂ ನುಡಿಯಲಿಲ್ಲ. ಹಾಗಿದ್ದೂ ವೆಂಕಟಾಚಲ ಅವರ ತೀರ್ಪಿನ ಹಿಂದೆ ಅದು ನುಡಿದಿದೆ. ಅದನ್ನ ನುಡಿಸಿದವರಿಗೆ ಈ ಬಳಗದ ಮಂಗಳ ಬಾಯಿಪಾಠ. ಆದರೆ ನಾಟಕ ನೋಡೋ ಅಧಿಕಾರ ಅವರಿಗಿಲ್ಲ. ಅದಕ್ಕೇ ತಿದಿ ಹರಿದದ್ದು ತಿಳೀಲಿಲ್ಲ."

ರವಿಶಂಕರ ಅವರ ಬೆರಳುಗಳು ಇನ್ನೂ ಮನೆಗಳ ಮೇಲೆಯೇ ಇದ್ದವು.

"ವೆಂಕಟಾಚಲ ಅವರು ಪ್ರದರ್ಶನದ ನಂತರ ನಿಮ್ಮ ಮನೆಗೆ ಬಂದಿದ್ರು. ಹೌದೋ ಅಲ್ಲವೋ?"

ಹೊರಗೆ ಸೀಬೆಹಣ್ಣೊಂದು ತಗಡಿನ ಮೇಲೆ ಬಿದ್ದು ಉರುಳಿತು.

"ಬಂದಿದ್ರು," ಎಂದರು ರವಿಶಂಕರ.

ಧನಲಕ್ಷ್ಮಿ ಬಾಯಿ ತೆರೆದಳು. ಬಸವರಾಜೇಶ್ವರಿಯವರು ಕೈಸನ್ನೆಯಿಂದ ತಡೆದರು.

"ನಾಟಕದ ಮಧ್ಯದಲ್ಲೇ ಎದ್ದು ಹೋಗಿದ್ರಂತೆ. ಸಂಪಾತಿ ಬೆಟ್ಟದ ಮೇಲೆ ಒಬ್ಬನೇ ಕೂತು ಹಾಡ್ತಾನಲ್ಲ, ಅಲ್ಲಿ ಅಳು ತಡೆಯೋಕಾಗ್ಲಿಲ್ಲ ಅಂದ್ರು. ಅಕ್ಕಪಕ್ಕದೋರು ತಿರುಗಿ ನೋಡೋಕೆ ಶುರು ಮಾಡಿದ್ರಂತೆ. ತೀರ್ಪುಗಾರ ಯಾರ ಕಣ್ಣಿಗೂ ಬೀಳಬಾರದಲ್ಲ, ಎದ್ದು ಬಸ್ ನಿಲ್ದಾಣಕ್ಕೆ ನಡೆದುಬಿಟ್ರಂತೆ." ರವಿಶಂಕರ ಹರಿದ ತಿದಿಯ ಮಡಿಕೆಯನ್ನು ನೇವರಿಸಿದರು. "ಕೆಲವು ದಿನ ಆದ್ಮೇಲೆ ನನ್ನ ಮನೆ ಬಾಗಿಲಿಗೆ ಬಂದ್ರು. ನಾನು ಒಳಗೆ ಕರೀಬಾರದಿತ್ತು, ನಿಯಮ. 'ಅಂತ್ಯ ಕೇಳದೆ ತೀರ್ಪು ಹೇಳೋದು ಅಧರ್ಮ. ಆ ಬಳಗದಲ್ಲಿದ್ದವರು ನೀವು. ಮಂಗಳ ಒಂದನ್ನ ನುಡಿಸಿ ಕೇಳಿಸಿ' ಅಂದ್ರು."

"ನುಡಿಸಿದಿರಿ."

"ಆ ನಿಯಮ ಮಾಡಿದೋನು ನಾನೇ ಮೇಡಂ. ಕಾರ್ಯದರ್ಶಿ ನಾಟಕ ನೋಡಬಾರದು ಅಂತ. ನ್ಯಾಯವಾಗಿರ್ಬೇಕು ಅಂತ ಮಾಡಿದ್ದು. ಈ ಬಳಗದ ಒಂದು ನಾಟಕ ನೋಡಿ ಎಷ್ಟು ವರ್ಷ ಆಯ್ತು ಗೊತ್ತಾ ನಿಮಗೆ? ಬಾಗಿಲು ಹಾಕ್ಕೊಂಡು ನಾನೊಬ್ನೇ ನುಡಿಸ್ಕೊಳ್ತಿದ್ದೆ. ಅವತ್ತು ಕೇಳೋಕೆ ಒಬ್ರು ಬಂದಿದ್ರು. ಮಂಗಳ ನೋಡೋಕೆ ಬಂದೋರ ಪಾಲು ಅಂತ ಈಗ ಇವಳು ಹೇಳಿದ್ಲಲ್ಲ. ನಾನು ಒಬ್ಬರ ಮುಂದೆ ನುಡಿಸ್ದೆ. ನಾನು ನುಡಿಸ್ತಾ ಇರೋವಾಗ್ಲೇ ಅವರು ಫೋನ್ ತೆಗೆದು ತೀರ್ಪು ಹೇಳಿಬಿಟ್ರು."

ಅಪರಾಧಿಯನ್ನು ಹಿಡಿದ ಸಂತೋಷಕ್ಕಾಗಿ ಬಸವರಾಜೇಶ್ವರಿಯವರು ಕಾದಿದ್ದರು. ಒಳಗೆ ಬಂದದ್ದು ಬೇರೇನೋ. ಆದರೆ ಇಷ್ಟು ವರ್ಷಗಳ ವೃತ್ತಿ ಅವರನ್ನು ಸುಮ್ಮನಿರಗೊಡಲಿಲ್ಲ.

"ಅದು ತಿಳಿದೂ ಈ ಹುಡುಗನ ಮೇಲೆ ಅನುಮಾನ ಬೆಳೆಯೋಕೆ ಬಿಟ್ರಿ. ಪ್ರದರ್ಶನದ ಸಂಜೆಯೇ ಅವರು ಮಾಯವಾದರು ಅಂತ ಪೊಲೀಸರು ನಂಬಿದ್ದಾರೆ. ಆಮೇಲೆ ಅವರು ನಿಮ್ಮ ಮನೇಲಿ ಕೂತಿದ್ದರು ಅನ್ನೋ ಒಂದು ಮಾತು ಇವನನ್ನ ಉಳಿಸ್ತಿತ್ತು."

"ಉಳಿಸ್ತಿತ್ತು. ರಂಗಕಲಶ ಮುಳುಗ್ತಿತ್ತು. ಕಾರ್ಯದರ್ಶಿಯೇ ತೀರ್ಪುಗಾರನಿಗೆ ಮಂಗಳ ಕೇಳಿಸಿದ, ಅದೂ ತನ್ನ ಹಳೇ ತಂಡದ್ದು, ಅಂದ್ರೆ ಇನ್ಯಾವ ತಂಡ ನಮ್ಮನ್ನ ನಂಬುತ್ತೆ?" ರವಿಶಂಕರ ಹಾರ್ಮೋನಿಯಂ ಬಿಟ್ಟು ಎದ್ದರು. ಈಗ ಅವರ ಕಣ್ಣುಗಳಲ್ಲಿ ಬೇರೆಯೇ ಕಿಡಿಯಿತ್ತು. "ಆದ್ರೆ ಕೇಳಿ ಮೇಡಂ. ಸುಮ್ಮನಿದ್ದೋನು ನಾನೊಬ್ನೇ ಅಲ್ಲ. ಅವರು ನನ್ನ ಮನೆಯಿಂದ ಹೊರಟಾಗ ಬೀದಿ ಕೊನೇಲಿ ಆಟೋ ನಿಂತಿತ್ತು. ಅವರ ಚೀಲ ಇಸ್ಕೊಂಡು, ಕೈ ಹಿಡಿದು ಹತ್ತಿಸಿಕೊಂಡೋಳು ಯಾರು ಅಂತ ಇವಳನ್ನೇ ಕೇಳಿ. ನಾನು ಕಿಟಕಿಯಿಂದ ನೋಡ್ದೆ. ಅವರನ್ನ ಇವತ್ತಲ್ಲ ನಾಳೆ ಇವರೇ ಹೊರಗೆ ತರ್ತಾರೆ ಅಂತ ಕಾಯ್ತಿದ್ದೆ."

ಬಸವರಾಜೇಶ್ವರಿಯವರು ತಿರುಗಿದರು.

ಧನಲಕ್ಷ್ಮಿ ಕಲಶದ ಪಕ್ಕದಲ್ಲಿ ಅಲುಗಾಡದೆ ನಿಂತಿದ್ದಳು.

"ಧನಲಕ್ಷ್ಮಿ?"

"ಹೌದು ಮೇಡಂ. ನಾನೇ."

"ಅಕ್ಕಾ!" ಚಂದ್ರಹಾಸ ಎದ್ದು ನಿಂತ. ಅಂದು ಅವನು ಆಡಿದ ಮೊದಲ ಮಾತು ಅದು.

"ಇರ್ಲಿ ಬಿಡು ಚಂದ್ರು. ನಾಳೆ ನಿನ್ನನ್ನ ಕರ್ಕೊಂಡು ಹೋಗ್ತಾರೆ. ಇನ್ನೇನು ಮುಚ್ಚಿಡೋದು?"

ಅವಳು ಹೇಳಿದ ಕ್ರಮ ಹೀಗಿತ್ತು. ಆ ಸಂಜೆ ಬೈಕಿನಲ್ಲಿ ಕುಳಿತ ವೃದ್ಧರು ದಾರಿಯುದ್ದಕ್ಕೂ ಸಂಪಾತಿಯ ವಿಚಾರವನ್ನೇ ಆಡಿದ್ದರು. ಅವನು ಕರೆದೊಯ್ದ ದೊಡ್ಡ ನಿಲ್ದಾಣದಲ್ಲಿ ಶಿವಮೊಗ್ಗದ ಬಸ್ಸು ಹತ್ತುವ ಮೊದಲು ಚಂದ್ರಹಾಸನ ಫೋನ್ ನಂಬರು ಕೇಳಿ ಪಡೆದಿದ್ದರು. ಮಾರನೆಯ ದಿನವೇ, ಸಂಪಾತಿಯ ಪಾತ್ರ ಮಾಡಿದ್ದ ಓಬಯ್ಯ ಕಾಲು ಮುರಿದುಕೊಂಡು ಆಸ್ಪತ್ರೆ ಸೇರಿದ. ಬರುವ ಶನಿವಾರ ಇದೇ ಭವನದಲ್ಲಿ ಮರುಪ್ರದರ್ಶನವಿತ್ತು. ಅಂಥ ಸಮಯದಲ್ಲಿ ಆ ವೃದ್ಧರ ಕರೆ ಬಂದಿತು.

"'ನನಗೆ ಆ ಪಾತ್ರ ಕೊಡ್ತೀರಾ ಮಗಳೇ' ಅಂದ್ರು. ನಾಟಕದ ಹುಚ್ಚಿನ ಯಾರೋ ಮೇಷ್ಟ್ರು ಅಂದ್ಕೊಂಡ್ವಿ. ತೀರ್ಪುಗಾರರು ಅಂತ ದೇವರಾಣೆ ಗೊತ್ತಿರ್ಲಿಲ್ಲ. ಹಾಡಿಸಿ ನೋಡಿದ್ವಿ. ಮೇಡಂ, ನಮ್ಮ ಓಬಯ್ಯ ಮಾವ ಚೆನ್ನಾಗಿ ಹಾಡ್ತಾರೆ. ಇವರು ಹಾಡ್ತಿರ್ಲಿಲ್ಲ. ಹೇಳ್ಕೊಳ್ತಿದ್ರು."

"ಎಲ್ಲಿ ಇಟ್ಟಿರಿ ಅವರನ್ನು?"

"ನಮ್ಮ ಪಕ್ಕದ ಕ್ವಾರ್ಟರ್ಸು ಖಾಲಿ. ಬೀಗದ ಕೈ ನಮ್ಮ ಹತ್ರಾನೇ ಇತ್ತು. ಅವರೇ ಅಲ್ಲಿರ್ತೀನಿ ಅಂದ್ರು. ಆ ಬೀದಿ ಕೊನೇಲಿ ಕಾಯಿ ಅಂದ್ರು, ಆಟೋ ತಗೊಂಡು ಹೋಗಿ ಕರ್ಕೊಂಡು ಬಂದೆ; ರವಿಯಣ್ಣನ ಮನೆಗೆ ಹೋಗಿದ್ರು ಅಂತ ಗೊತ್ತಿರ್ಲಿಲ್ಲ. ಭಾನುವಾರ ವೇದಿಕೆ ಮೇಲೆ ಅವರ ಹೆಸರು ಕೂಗಿದಾಗ ನಮ್ಮ ಎದೆ ಒಡೆದುಹೋಯ್ತು. ಕಲಶ ಹಿಡ್ಕೊಂಡೇ ಓಡಿ ಬಂದು ಕೇಳಿದ್ವಿ. ಕಾಲಿಗೆ ಬೀಳೋಕೆ ಬಂದ್ರು ಮೇಡಂ, ಅಷ್ಟು ದೊಡ್ಡೋರು. 'ಜೀವಮಾನವೆಲ್ಲ ಕೆಳಗೆ ಕೂತು ನೋಡಿದ್ದೀನಿ. ಒಂದೇ ಒಂದು ಸಲ ಬಣ್ಣ ಹಚ್ಚೋಕೆ ಬಿಡಿ. ಶನಿವಾರ ಆದ ಮೇಲೆ ನಾನೇ ಠಾಣೆಗೆ ಹೋಗಿ ಎಲ್ಲ ಹೇಳ್ತೀನಿ' ಅಂದ್ರು. ಚಂದ್ರು ಮಾತು ಕೊಟ್ಟ."

ಇದೇ ಚಂದ್ರಹಾಸನ ಮೌನದ ಅರ್ಥ. ತನ್ನನ್ನು ಠಾಣೆಗೆ ಎಳೆದೊಯ್ದರೂ ಸರಿ, ಶನಿವಾರದವರೆಗೆ ಬಾಯಿ ತೆರೆಯಬಾರದೆಂದು ಅವನು ನಿಶ್ಚಯಿಸಿದ್ದ.

ಬಸವರಾಜೇಶ್ವರಿಯವರು ಕೈಚೀಲವನ್ನು ಹೆಗಲಿಗೇರಿಸಿಕೊಂಡರು. ಬದುಕಿದ್ದಾರೆ! ಪಕ್ಕದ ಸಾಲಿನಲ್ಲೇ ಇದ್ದಾರೆ!

"ಸರಿ, ನಡೆಯಿರಿ. ಅವರೇ ಯೋಗರಾಜನ ಹತ್ತಿರ ಒಂದು ಮಾತು ಹೇಳಲಿ, ಎಲ್ಲ ಮುಗೀತು. ಪಾತ್ರದ ವಿಚಾರ ಆಮೇಲೆ ನೋಡೋಣ."

ಧನಲಕ್ಷ್ಮಿ ಹೆಜ್ಜೆ ಎತ್ತಲಿಲ್ಲ. ಅವಳ ಕಣ್ಣಿನಿಂದ ನೀರು ಇಳಿಯತೊಡಗಿತು.

"ಏನಮ್ಮ?"

"ಅವರು ಅಲ್ಲಿಲ್ಲ ಮೇಡಂ."

ಚಂದ್ರಹಾಸ ಅಕ್ಕನ ಎದುರಿಗೆ ಬಂದು ನಿಂತ. "ಏನಕ್ಕಾ ಹಂಗಂದ್ರೆ? ಬೆಳಿಗ್ಗೆ ಕಾಫಿ ಕೊಟ್ಟು ಬಂದೆ ಅಂದ್ಯಲ್ಲ!"

"ಸುಳ್ಳು ಹೇಳ್ದೆ ಕಣೋ. ನೀನು ಹೆದರ್ತೀಯ ಅಂತ. ನಾನು ಹೋದಾಗ ಬಾಗಿಲು ತೆಗೆದೇ ಇತ್ತು. ಹಾಸಿಗೆ ಮಡಿಸಿಟ್ಟಿತ್ತು. ಕನ್ನಡಿ ಮುಂದೆ ಬಟ್ಟಲಲ್ಲಿ ಬಣ್ಣ ಕಲಸಿತ್ತು. ಹಚ್ಚಿ ನೋಡ್ಕೊಂಡು ಆಸೆ ತಡೀಲಾರದೆ ಎಲ್ಲೋ ಬಯಲಿಗೆ ಹೋಗಿದ್ದಾರೆ, ಬರ್ತಾರೆ ಅಂತ ಕಾದೆ. ಹೊಳೆ ದಂಡೆವರೆಗೂ ಹೋಗಿ ಬಂದೆ. ಕೊನೆಗೆ ಬೀಗ ಹಾಕ್ಕೊಂಡು ಇಲ್ಲಿಗೆ ಬಂದೆ."

"ಮತ್ತೆ ಇಷ್ಟು ಹೊತ್ತು ಕಲಶಕ್ಕೆ ಜಗಳ ಆಡ್ತಿದ್ದೆಯಲ್ಲ!" ರವಿಶಂಕರ ಕೂಗಿದರು.

"ಇನ್ನೇನು ಮಾಡ್ಲಿ ರವಿಯಣ್ಣ? ಯಾರ ಹತ್ರ ಹೇಳ್ಲಿ? ಅವರು ಇದ್ರು ಅಂತಾನೇ ಯಾರಿಗೂ ಹೇಳಿಲ್ಲ. ಈಗ ಇಲ್ಲ ಅಂತ ಹೇಗೆ ಹೇಳ್ಲಿ?"

ನಾಲ್ವರೂ ಕ್ವಾರ್ಟರ್ಸಿನ ಸಾಲಿನತ್ತ ನಡೆದರು. ಇಳಿಬಿಸಿಲು ಬೀಗ ಹಾಕಿದ ಬಾಗಿಲುಗಳ ಮೇಲೆ ಒಂದೊಂದಾಗಿ ಜಾರುತ್ತಿತ್ತು. ಬಾಗಿಲಿನ ಮೇಲೆ ಹೆಸರು ಬರೆದಿದ್ದ ಬಣ್ಣ ಮಾಸಿತ್ತು. ಯಾರ ಹೆಸರೆಂದು ಓದಲಾಗುತ್ತಿರಲಿಲ್ಲ. ರವಿಶಂಕರ ಒಂದು ಬಾಗಿಲಿನ ಮುಂದೆ ಅರೆಕ್ಷಣ ನಿಂತು, ಮತ್ತೆ ಹೆಜ್ಜೆ ಹಾಕಿದರು. ಅದು ಅವರು ಹುಟ್ಟಿದ ಮನೆಯೆಂದು ಯಾರೂ ಹೇಳಬೇಕಾಗಿರಲಿಲ್ಲ.

ಧನಲಕ್ಷ್ಮಿಯ ಮನೆಯ ಪಕ್ಕದ ಬಾಗಿಲಿಗೆ ಬೀಗ ಹಾಕಿದಂತೆಯೇ ಇತ್ತು. ಅವಳು ಅದನ್ನು ತೆಗೆದಳು.

ಒಳಗೆ ಒಂದೇ ಕೋಣೆ. ಮಡಿಸಿಟ್ಟ ಹಾಸಿಗೆ. ಗೂಟಕ್ಕೆ ತೂಗುಹಾಕಿದ ಪಂಚೆ, ಅಂಗಿ. ಕಿಟಕಿಯ ಕಟ್ಟೆಯ ಮೇಲೆ ವೆಂಕಟಾಚಲ ಅವರ ಕನ್ನಡಕ. ದೂರದ್ದನ್ನೆಲ್ಲ ನೋಡಿ ತೂಗಿದ ಆ ಕಣ್ಣುಗಳು ಕನ್ನಡಕವಿಲ್ಲದೆ ಎಲ್ಲಿಗೆ ಹೋದವು?

ಬಸವರಾಜೇಶ್ವರಿಯವರು ಕನ್ನಡಿಯ ಮುಂದೆ ಕುಳಿತರು. ಅಲ್ಲಿ ಎರಡು ಬಟ್ಟಲುಗಳಿದ್ದವು. ಎರಡರಲ್ಲಿಯೂ ಬೂದುಬಣ್ಣ: ಇದ್ದಿಲ ಪುಡಿಯನ್ನೂ ಬಿಳಿಯನ್ನೂ ನೀರಿನಲ್ಲಿ ಕಲಸಿದ, ಸುಟ್ಟ ರೆಕ್ಕೆಯ ಬಣ್ಣ.

"ನಾಟಕದಲ್ಲಿ ಈ ಬಣ್ಣ ಯಾರು ಯಾರಿಗೆ?"

"ಸಂಪಾತಿಗೆ ಮಾತ್ರ," ಎಂದ ಚಂದ್ರಹಾಸ. "ಒಬ್ಬನೇ."

ಧನಲಕ್ಷ್ಮಿ ಬಾಗಿಲಿನಲ್ಲಿಯೇ ನಿಂತುಬಿಟ್ಟಿದ್ದಳು.

"ಮೇಡಂ... ಬೆಳಿಗ್ಗೆ ನಾನು ಬೀಗ ಹಾಕೋವಾಗ ಇಲ್ಲಿ ಒಂದೇ ಬಟ್ಟಲಿತ್ತು."

ಬಸವರಾಜೇಶ್ವರಿಯವರು ಮೊದಲ ಬಟ್ಟಲನ್ನು ಮುಟ್ಟಿದರು. ಬಣ್ಣ ಒಣಗಿ ಬಿರುಕು ಬಿಟ್ಟಿತ್ತು.

ಎರಡನೆಯದಕ್ಕೆ ಬೆರಳಿಟ್ಟರು. ಬೆರಳು ಬೂದಾಯಿತು.

ಬೀಗ ಹಾಕಿದ್ದ ಕೋಣೆಯಲ್ಲಿ ಯಾರೋ ಈಗಷ್ಟೇ ಕಲಸಿದ ಬಣ್ಣ ಇನ್ನೂ ಹಸಿಯಾಗಿತ್ತು.

*

ಇದನ್ನು ಓದಿದವರಿಗೂ, ಓದಿಸಿ ಕೇಳಿದವರಿಗೂ ಶುಭವಾಗಲಿ. ನೀವು ಮನೆಗೆ ಮರಳಿದಾಗ "ಯಾಕೆ ತಡವಾಯ್ತು?" ಎಂದು ಕೇಳುವ ಒಂದು ದನಿ ನಿಮಗಾಗಿ ಕಾದಿರಲಿ, ಅಂಥ ದನಿಯಿಲ್ಲದವರ ಬಾಗಿಲನ್ನು ನಿಮ್ಮ ಕೈ ಇಂದೇ ಒಮ್ಮೆ ತಟ್ಟಲಿ. ಸರ್ವರನ್ನೂ ಭಗವಂತನು ಕಾಯಲಿ.